ಬರೆದ ತಾರೀಖು, ತಲುಪಿದ ತಾರೀಖು: ಅಮೆರಿಕದ ಮೊದಲ ಶಾಸಕರ ಪತ್ರಗಳು

ಹೊಸ ಸಂವಿಧಾನದ ಪ್ರಕಾರ ಅಮೆರಿಕದ ಮೊದಲ ಕಾಂಗ್ರೆಸ್ ಸೇರಬೇಕಾಗಿದ್ದದ್ದು 1789ರ ಮಾರ್ಚ್ 4ರಂದು, ನ್ಯೂಯಾರ್ಕಿನಲ್ಲಿ. ಅಂದು ಎರಡೂ ಸದನಗಳಲ್ಲಿ ಕೋರಂ ಆಗಲಿಲ್ಲ. 59 ಸದಸ್ಯರ ಪ್ರತಿನಿಧಿ ಸಭೆಗೆ ಬೇಕಿದ್ದ 30 ಜನ ಕೂಡಿದ್ದು ಏಪ್ರಿಲ್ 1ಕ್ಕೆ. 22 ಸದಸ್ಯರ ಸೆನೆಟ್‌ಗೆ 12 ಜನ ಸಿಕ್ಕಿದ್ದು ಏಪ್ರಿಲ್ 6ಕ್ಕೆ. ಈ ನಡುವೆ ಬಂದು ಕೂತಿದ್ದ ಕೆಲವೇ ಸೆನೆಟರುಗಳು ಮಾಡಿದ ಮೊದಲ ಕೆಲಸವೆಂದರೆ ಪತ್ರ ಬರೆದದ್ದು: ಬಾರದಿರುವ ಸದಸ್ಯರಿಗೆ, ಬೇಗ ಹೊರಟು ಬನ್ನಿ ಎಂದು. ಮಾರ್ಚ್ 11ರಂದು ಒಮ್ಮೆ, ಒಂದು ವಾರ ಬಿಟ್ಟು ಇನ್ನೊಮ್ಮೆ. ಹೊಸ ದೇಶದ ಮೇಲ್ಮನೆ ಕಾನೂನಿಗೆ ಮೊದಲು ಕಾಗದದಿಂದ ಶುರುವಾಯಿತು.

ಆ ಕಾಲದ ಶಾಸಕರ ಪತ್ರಗಳನ್ನು ಓದುವವರು ಸಾಮಾನ್ಯವಾಗಿ ಮೇಲಿನ ತಾರೀಖು ನೋಡುತ್ತಾರೆ, ಒಕ್ಕಣೆ ಓದುತ್ತಾರೆ, ಅದರಲ್ಲಿನ ಒಂದು ಒಳ್ಳೆಯ ವಾಕ್ಯ ಎತ್ತಿಕೊಂಡು ಮುಂದೆ ಹೋಗುತ್ತಾರೆ. ಅಷ್ಟು ಸಾಲದು. ಪತ್ರ ಯಾವ ದಿನ ಕೈ ಬಿಟ್ಟು ಹೋಯಿತು, ಯಾರ ಕೈಯಲ್ಲಿ ಹೋಯಿತು, ಯಾವ ದಿನ ತಲುಪಿತು, ಅಷ್ಟರಲ್ಲಿ ಬರೆದವರ ಅಭಿಪ್ರಾಯ ಬದಲಾಗಿತ್ತೇ ಎಂಬುದನ್ನು ತಿಳಿಯದೆ ಆ ವಾಕ್ಯದ ತೂಕ ಗೊತ್ತಾಗುವುದಿಲ್ಲ. ಇದನ್ನು ಬಿಟ್ಟು ಬರೆದ ಇತಿಹಾಸ ಎಷ್ಟೋ ಕಡೆ ತಪ್ಪು ದಾರಿ ಹಿಡಿದಿದೆ.

ನಡಾವಳಿಗಳೇ ಇರುವಾಗ ಪತ್ರಗಳೇಕೆ ಎಂದು ಕೇಳಬಹುದು. ನಡಾವಳಿಗಳು ಅರ್ಧಂಬರ್ಧ. ಸೆನೆಟ್ ಮೊದಲ ದಿನದಿಂದಲೂ ಬಾಗಿಲು ಮುಚ್ಚಿಕೊಂಡೇ ಕೂತಿತು. ಗ್ಯಾಲರಿ ತೆರೆಯಲು ಅದು ಒಪ್ಪಿದ್ದು 1794ರಲ್ಲಿ, ತೆರೆದದ್ದು 1795ರ ಡಿಸೆಂಬರ್‌ನಲ್ಲಿ. ಅದರ ಅಧಿಕೃತ ದಾಖಲೆಯಲ್ಲಿ ಸೂಚನೆ, ಮತ, ಫಲಿತಾಂಶ ಇವೆ, ಮಾತು ಇಲ್ಲ. ಒಳಗೆ ಯಾರು ಏನು ಹೇಳಿದರು ಎಂಬುದಕ್ಕೆ ಪೆನ್ಸಿಲ್ವೇನಿಯಾದ ಸೆನೆಟರ್ ವಿಲಿಯಂ ಮೆಕ್ಲೇ ಬರೆದಿಟ್ಟ ದಿನಚರಿ ಮತ್ತು ಸದಸ್ಯರ ಪತ್ರಗಳೇ ಆಧಾರ. ಪ್ರತಿನಿಧಿ ಸಭೆಯ ಗ್ಯಾಲರಿ ತೆರೆದಿತ್ತು, ಥಾಮಸ್ ಲಾಯ್ಡ್ ಎಂಬಾತ ಶೀಘ್ರಲಿಪಿಯಲ್ಲಿ ಭಾಷಣಗಳನ್ನು ಬರೆದುಕೊಂಡು ಅಚ್ಚು ಹಾಕಿಸುತ್ತಿದ್ದ. ಆದರೆ ಆ ವರದಿಗಳ ತಪ್ಪುಗಳ ಬಗ್ಗೆ ಸ್ವತಃ ಸದಸ್ಯರೇ ದೂರಿದ್ದಾರೆ. ಭಾಷಣ ಮಾಡಿದವನ ಮುಖಭಾವ, ಮತ ಹಾಕುವ ಮುನ್ನ ಊಟದ ಮನೆಯಲ್ಲಿ ನಡೆದ ಮಾತು, ಇಷ್ಟವಿಲ್ಲದಿದ್ದರೂ ಒಪ್ಪಿದ ಕಾರಣ, ಇವೆಲ್ಲ ಪತ್ರದಲ್ಲಿ ಮಾತ್ರ ಸಿಗುತ್ತವೆ. ಮ್ಯಾಸಚುಸೆಟ್ಸ್‌ನ ಫಿಶರ್ ಏಮ್ಸ್ ತನ್ನ ಗೆಳೆಯ ಜಾರ್ಜ್ ಮೈನಟ್‌ಗೆ 1789ರ ಮೇ ತಿಂಗಳಲ್ಲಿ ಬರೆದ ಪತ್ರಗಳಲ್ಲಿ ವರ್ಜೀನಿಯಾದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ಕಣ್ಣಿಗೆ ಕಟ್ಟುತ್ತಾನೆ: ಸಣ್ಣ ಆಳು, ತಗ್ಗಿದ ದನಿ, ಬುದ್ಧಿವಂತ, ಆದರೆ ಪುಸ್ತಕದ ರಾಜಕಾರಣಿ. ಸಭೆಯಲ್ಲಿ ಎದುರು ಬದುರು ಕೂತವನು ಬರೆದದ್ದು ಎಂಬುದೇ ಇದರ ಬೆಲೆ.

ಈಗ ಕಾಗದದ ವಿಷಯಕ್ಕೆ ಬರೋಣ, ಏಕೆಂದರೆ ಕಾಗದವೇ ಅರ್ಧ ಸಾಕ್ಷಿ. ಚಿಂದಿ ಬಟ್ಟೆಯಿಂದ ಮಾಡಿದ ಒಂದು ದೊಡ್ಡ ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಮೂರರಲ್ಲಿ ಬರವಣಿಗೆ, ನಾಲ್ಕನೆಯದರ ನಡುಭಾಗ ಖಾಲಿ. ಇಡೀ ಹಾಳೆಯನ್ನು ಆ ಖಾಲಿ ಜಾಗ ಹೊರಗೆ ಬರುವಂತೆ ಮಡಚಿ, ಒಂದು ಅಂಚನ್ನು ಇನ್ನೊಂದರೊಳಗೆ ತೂರಿಸಿ, ಅರಗಿನಿಂದಲೋ ಹಿಟ್ಟಿನ ಬಿಲ್ಲೆಯಿಂದಲೋ ಅಂಟಿಸಿ, ಹೊರಗೆ ವಿಳಾಸ ಬರೆಯುತ್ತಿದ್ದರು. ಲಕೋಟೆ ಬಳಸುತ್ತಿರಲಿಲ್ಲ. ಅಂಚೆ ಲೆಕ್ಕ ಹಾಳೆಯ ಮೇಲೆ ಇತ್ತು, ಲಕೋಟೆಯೂ ಒಂದು ಹಾಳೆ ಎಂದೇ ಎಣಿಕೆ, ಹಾಗಾಗಿ ದರ ಎರಡು ಪಟ್ಟು. ಪತ್ರ ಪಡೆದವರು ಅವಸರದಲ್ಲಿ ಬಿಲ್ಲೆ ಕಿತ್ತಾಗ ಕಾಗದವೂ ಹರಿದು, ಮೂರನೆಯ ಪುಟದ ಅಂಚಿನಲ್ಲಿ ಒಂದು ತೂತು ಬೀಳುತ್ತಿತ್ತು. ಅಚ್ಚಾದ ಸಂಪುಟಗಳಲ್ಲಿ ಪತ್ರದ ಕೊನೆಯ ಭಾಗದಲ್ಲೇ ಎರಡು ಮೂರು ಪದಗಳು ಚೌಕ ಕಂಸದೊಳಗೆ ಬರುವುದು ಹೆಚ್ಚಾಗಿ ಈ ಕಾರಣಕ್ಕೆ. ಅವು ಸಂಪಾದಕರು ಊಹಿಸಿ ತುಂಬಿದ ಪದಗಳು. ಅಲ್ಲಿರುವ ಪದದ ಮೇಲೆ ವಾದ ಕಟ್ಟಬಾರದು.

ಮಸಿ ಓಕ್ ಮರದ ಕಾಯಿಗಂಟು, ಅನ್ನಭೇದಿ, ಅಂಟು ಸೇರಿಸಿ ಮಾಡಿದ್ದು. ಬರೆದಾಗ ಮಸುಕಾಗಿದ್ದು ಗಾಳಿಗೆ ಕಪ್ಪಾಗಿ, ನೂರಾರು ವರ್ಷ ಕಳೆದ ಮೇಲೆ ಕಂದಾಗುತ್ತದೆ. ಅನ್ನಭೇದಿ ಹೆಚ್ಚಾದರೆ ಕಾಗದವನ್ನೇ ತಿಂದು, ಅಕ್ಷರದ ಗೆರೆಯುದ್ದಕ್ಕೂ ಬಿರುಕು ಬಿಡುತ್ತದೆ.

ಬರೆದವರು ತಮಗೊಂದು ಪ್ರತಿ ಇಟ್ಟುಕೊಳ್ಳಲು ಎರಡು ದಾರಿ ಇದ್ದವು. ಗುಮಾಸ್ತನಿಂದ ಪುಸ್ತಕದಲ್ಲಿ ನಕಲು ಬರೆಸುವುದು ಒಂದು. ಜೇಮ್ಸ್ ವಾಟ್ 1780ರಲ್ಲಿ ಪೇಟೆಂಟ್ ಪಡೆದ ಒತ್ತುಯಂತ್ರ ಇನ್ನೊಂದು. ಆಗ ಪ್ಯಾರಿಸ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ 1785ರಿಂದ ಇದನ್ನೇ ನೆಚ್ಚಿಕೊಂಡಿದ್ದ. ಸಕ್ಕರೆ ಬೆರೆಸಿದ ವಿಶೇಷ ಮಸಿಯಲ್ಲಿ ಬರೆದು, ಅದು ಪೂರ್ತಿ ಒಣಗುವ ಮುನ್ನ ಒದ್ದೆ ಮಾಡಿದ ತೆಳು ಹಾಳೆಯನ್ನು ಮೇಲಿಟ್ಟು ಒತ್ತಬೇಕು. ತೆಳು ಹಾಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವಾಗಿ ಮೂಡುತ್ತದೆ, ಹಾಳೆ ತೆಳುವಾದ್ದರಿಂದ ಹಿಂದಿನಿಂದ ಓದಿದರೆ ನೇರ. ನೀರು ಹೆಚ್ಚಾದರೆ ಅಕ್ಷರ ಹರಡುತ್ತದೆ, ಕಡಿಮೆಯಾದರೆ ಮೂಡುವುದೇ ಇಲ್ಲ. ಇಲ್ಲಿ ಎಚ್ಚರ ಬೇಕಾದ ಸಂಗತಿ ಒಂದಿದೆ: ಒತ್ತುಪ್ರತಿ ತೆಗೆದ ಮೇಲೆ ಮೂಲ ಪತ್ರದಲ್ಲಿ ಒಂದು ಸಾಲು ಸೇರಿಸಿದರೆ, ಒಂದು ಪದ ಹೊಡೆದು ಹಾಕಿದರೆ, ಅದು ಮನೆಯಲ್ಲಿ ಉಳಿದ ಪ್ರತಿಯಲ್ಲಿ ಇರುವುದಿಲ್ಲ. ಎದುರಿನವರು ಓದಿದ್ದು ಏನು ಎಂದು ತಿಳಿಯಲು ಅವರಿಗೆ ತಲುಪಿದ ಪ್ರತಿಯೇ ಬೇಕು. ಬರೆದವರು ಏನನ್ನು ಹೇಳಹೊರಟು ಬಿಟ್ಟರು ಎಂದು ತಿಳಿಯಲು ಕರಡು ಬೇಕು. ಎರಡೂ ಸಿಕ್ಕಿದರೆ ಮೊದಲು ಓದಬೇಕಾದದ್ದು ತಲುಪಿದ ಪ್ರತಿ, ಆಮೇಲೆ ಕರಡು.

ಅಂಚೆ ಖರ್ಚು ಪತ್ರದ ಒಳಗಿನ ಮಾತನ್ನೂ ತಿದ್ದುತ್ತಿತ್ತು. 1792ರ ಫೆಬ್ರುವರಿ 20ರ ಅಂಚೆ ಕಾನೂನಿನಲ್ಲಿ ಒಂದು ಹಾಳೆಗೆ 30 ಮೈಲಿವರೆಗೆ 6 ಸೆಂಟ್, 450 ಮೈಲಿ ದಾಟಿದರೆ 25 ಸೆಂಟ್. ಕಾಂಗ್ರೆಸ್ ಸದಸ್ಯರ ಭತ್ಯೆ ದಿನಕ್ಕೆ 6 ಡಾಲರ್ ಇದ್ದ ಕಾಲ. ಹಣ ಕೊಡುತ್ತಿದ್ದವರು ಸಾಮಾನ್ಯವಾಗಿ ಪತ್ರ ಪಡೆದವರು. ಆದರೆ ಶಾಸಕನಿಗೆ ವಿನಾಯಿತಿ: ವಿಳಾಸದ ಮೂಲೆಯಲ್ಲಿ ‘ಫ್ರೀ’ ಎಂದು ಬರೆದು ಸಹಿ ಹಾಕಿದರೆ ಪತ್ರ ಪುಕ್ಕಟೆ. ಈ ಸವಲತ್ತು ಹೊಸ ಸಂವಿಧಾನಕ್ಕೂ ಮುಂಚಿನ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಕಾಲದಲ್ಲಿ, 1775ರ ನವೆಂಬರ್‌ನಿಂದಲೇ ಇತ್ತು. 1792ರ ಕಾನೂನು ಅದಕ್ಕೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ ಮಿತಿ ಹಾಕಿ, ಅಧಿವೇಶನದ ಅವಧಿ ಮತ್ತು ನಂತರದ 20 ದಿನಕ್ಕೆ ಕಟ್ಟಿಹಾಕಿತು. ಅಧಿವೇಶನ ನಡೆಯುವಾಗ ಸದಸ್ಯರ ಪತ್ರಗಳು ದಪ್ಪವಾಗಿ, ಪತ್ರಿಕೆ ತುಣುಕು, ಮಸೂದೆಯ ಅಚ್ಚುಪ್ರತಿ ಹೊತ್ತು ಹೋಗುವುದಕ್ಕೂ, ಸದನ ಮುಗಿದ ಮೇಲೆ ಸೊರಗುವುದಕ್ಕೂ ಈ ನಿಯಮದ ಪಾಲು ದೊಡ್ಡದು. ರಾಜಕೀಯ ಉತ್ಸಾಹ ಏರಿತು ಇಳಿಯಿತು ಎಂದು ಇದನ್ನು ಓದಿಕೊಂಡರೆ ತಪ್ಪಾಗುತ್ತದೆ.

ಗುಟ್ಟಿನ ಮಾತನ್ನು ಅಂಚೆಗೆ ಹಾಕುತ್ತಿರಲಿಲ್ಲ. ಆ ಕಡೆ ಹೊರಟ ನಂಬಿಕಸ್ತರ ಕೈಗೆ ಕೊಡುತ್ತಿದ್ದರು. ಅದೂ ಕೈಕೊಟ್ಟದ್ದುಂಟು. 1775ರ ಜುಲೈ 24ರಂದು ಕಾಂಟಿನೆಂಟಲ್ ಕಾಂಗ್ರೆಸ್ಸಿನ ಸದಸ್ಯ ಜಾನ್ ಆಡಮ್ಸ್ ಫಿಲಡೆಲ್ಫಿಯಾದಿಂದ ಗೆಳೆಯ ಜೇಮ್ಸ್ ವಾರನ್‌ಗೂ ಹೆಂಡತಿ ಅಬಿಗೇಲ್‌ಗೂ ಬರೆದ ಪತ್ರಗಳನ್ನು ಬೆಂಜಮಿನ್ ಹಿಚ್‌ಬಾರ್ನ್ ಎಂಬ ಯುವ ವಕೀಲ ಹೊತ್ತು ಹೊರಟ. ದಾರಿಯಲ್ಲಿ ನೀರು ದಾಟುವಾಗ ಬ್ರಿಟಿಷ್ ನೌಕಾಪಡೆಯವರು ಅವನನ್ನು ಹಿಡಿದರು. ಪತ್ರಗಳು ಆಗಸ್ಟ್‌ನಲ್ಲಿ ಬಾಸ್ಟನ್ನಿನ ಬ್ರಿಟಿಷ್ ಪರ ಪತ್ರಿಕೆಯಲ್ಲಿ ಅಚ್ಚಾದವು. ಒಂದರಲ್ಲಿ ಆಡಮ್ಸ್, ಸಹಸದಸ್ಯ ಜಾನ್ ಡಿಕಿನ್ಸನ್‌ನನ್ನು ಹೆಸರೆತ್ತದೆ, ದೊಡ್ಡ ಆಸ್ತಿಯ ಸಣ್ಣ ಬುದ್ಧಿಯವನು ಎಂಬರ್ಥದಲ್ಲಿ ಹಳಿದಿದ್ದ. ಹೆಸರಿಲ್ಲದಿದ್ದರೂ ಎಲ್ಲರಿಗೂ ಗೊತ್ತಾಯಿತು. ಸೆಪ್ಟೆಂಬರ್‌ನಲ್ಲಿ ಬೀದಿಯಲ್ಲಿ ಎದುರಾದ ಡಿಕಿನ್ಸನ್, ಆಡಮ್ಸ್ ಟೊಪ್ಪಿಗೆ ತೆಗೆದು ಬಾಗಿದರೂ ನೋಡದವನಂತೆ ಹಾದುಹೋದ. ಒಂದೇ ಸದನದಲ್ಲಿ ಸ್ವಾತಂತ್ರ್ಯದ ಬಗ್ಗೆ ನಿರ್ಧರಿಸಬೇಕಿದ್ದ ಇಬ್ಬರ ಮಾತು ಮುರಿಯಿತು.

ಮ್ಯಾಡಿಸನ್ ಮತ್ತು ಜೆಫರ್ಸನ್ ಇದಕ್ಕೆ ಸಂಕೇತಪಟ್ಟಿಯ ಮೊರೆ ಹೋದರು. ಪಟ್ಟಿಯಲ್ಲಿ ಸುಮಾರು 1,700 ಸಂಖ್ಯೆಗಳು, ಒಂದೊಂದಕ್ಕೂ ಒಂದು ಪದ, ಒಂದು ಹೆಸರು ಅಥವಾ ಪದದ ತುಂಡು. ಇಡೀ ಪತ್ರವನ್ನು ಸಂಖ್ಯೆಗೆ ಇಳಿಸಲು ದಿನಗಟ್ಟಲೆ ಬೇಕಾಗುತ್ತಿತ್ತು, ಹಾಗಾಗಿ ಹೆಸರುಗಳನ್ನೂ ಖಾರವಾದ ಸಾಲುಗಳನ್ನೂ ಮಾತ್ರ ಬದಲಿಸಿ ಉಳಿದದ್ದನ್ನು ತೆರೆದೇ ಬಿಡುತ್ತಿದ್ದರು. ಇದೇ ದೋಷವೂ ಹೌದು: ಸುತ್ತಲಿನ ತೆರೆದ ವಾಕ್ಯಗಳಿಂದ ಮುಚ್ಚಿದ್ದನ್ನು ಊಹಿಸಬಹುದು. ಒಂದು ಅಂಕಿ ತಪ್ಪಿದರೆ ಬೇರೆಯೇ ಪದ. ಪಟ್ಟಿ ಜೊತೆಗಿಲ್ಲದಿದ್ದರೆ ಪತ್ರ ಕೈಯಲ್ಲಿದ್ದೂ ಇಲ್ಲದ ಹಾಗೆ. ಪಡೆದವರು ಸಂಖ್ಯೆಗಳ ಮೇಲೆ ಸಣ್ಣ ಅಕ್ಷರದಲ್ಲಿ ಪದಗಳನ್ನು ಬರೆದುಕೊಳ್ಳುತ್ತಿದ್ದರು, ನಾವು ಇಂದು ಸಲೀಸಾಗಿ ಓದಲು ಸಾಧ್ಯವಾಗಿರುವುದು ಅದರಿಂದ. 1789ರ ಮೇ 23ರಂದು ಮ್ಯಾಡಿಸನ್, ಅಧ್ಯಕ್ಷರಿಗೆ ಭಾರೀ ಬಿರುದು ಕೊಡುವ ಸೆನೆಟ್ ಪ್ರಸ್ತಾಪವನ್ನು ಪ್ರತಿನಿಧಿ ಸಭೆ ತಳ್ಳಿಹಾಕಿದ್ದನ್ನು ಪ್ಯಾರಿಸ್‌ಗೆ ತಿಳಿಸಿದ. ಜೆಫರ್ಸನ್ ಜುಲೈ 29ರ ಉತ್ತರದಲ್ಲಿ, ಇಷ್ಟು ನಗೆಪಾಟಲಿನದನ್ನು ಕೇಳಿಯೇ ಇಲ್ಲ ಎಂದು ಬರೆದ. ಆ ತೀರ್ಪನ್ನು ಸಂಖ್ಯೆಗಳಲ್ಲಿ ಮುಚ್ಚಿಟ್ಟ. ಸಂಕೇತದಲ್ಲಿರುವ ಭಾಗ ಯಾವುದು ಎಂದು ಗುರುತಿಸಿಕೊಂಡು ಓದಿದರೆ, ಯಾವ ಮಾತಿಗೆ ಅವರು ಹೆದರುತ್ತಿದ್ದರು ಎಂಬುದು ತಾನಾಗಿ ಎದ್ದು ಕಾಣುತ್ತದೆ.

ಇನ್ನು ತಾರೀಖಿನ ಆಟ. ಹಕ್ಕುಗಳ ಮಸೂದೆಯ, ಅಂದರೆ ಜನರ ಹಕ್ಕುಗಳನ್ನು ಕಾಯಲು ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿಗಳ, ಹಿಂದಿನ ಪತ್ರವ್ಯವಹಾರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸಂವಿಧಾನ ರಚನಾ ಸಮಾವೇಶದಲ್ಲಿ ಗೋಪ್ಯತೆಯ ನಿಯಮವಿತ್ತು, ಹಾಗಾಗಿ 1787ರ ಬೇಸಿಗೆ ಪೂರ್ತಿ ಮ್ಯಾಡಿಸನ್ ಏನೂ ಹೇಳುವಂತಿರಲಿಲ್ಲ. ಅದು ಮುಗಿದ ಮೇಲೆ, ಅಕ್ಟೋಬರ್ 24ರ ತಾರೀಖಿನಲ್ಲಿ, ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದ ಜೆಫರ್ಸನ್‌ಗೆ ಬಹಳ ದೀರ್ಘವಾದ ವಿವರಣೆ ಬರೆದ. ಜೆಫರ್ಸನ್ ಡಿಸೆಂಬರ್ 20ರಂದು ಉತ್ತರಿಸಿದ: ಒಟ್ಟು ವಿನ್ಯಾಸ ಹಿಡಿಸಿತು, ಹಕ್ಕುಗಳ ಪಟ್ಟಿ ಇಲ್ಲದ್ದು ಹಿಡಿಸಲಿಲ್ಲ, ಅಧ್ಯಕ್ಷನನ್ನು ಮತ್ತೆ ಮತ್ತೆ ಆರಿಸಬಹುದು ಎಂಬುದೂ ಹಿಡಿಸಲಿಲ್ಲ. ಈ ಉತ್ತರ ಬಂತೆಂದು ಮ್ಯಾಡಿಸನ್ ಒಪ್ಪಿಕೊಂಡು ಬರೆದದ್ದು 1788ರ ಜುಲೈ 24ರಂದು. ಅಷ್ಟರಲ್ಲಿ ವರ್ಜೀನಿಯಾ ಸಂವಿಧಾನಕ್ಕೆ ಅನುಮೋದನೆ ಕೊಟ್ಟು ತಿಂಗಳೇ ಆಗುತ್ತಾ ಬಂದಿತ್ತು.

ಆ ಅನುಮೋದನೆಗೆಂದು ರಿಚ್‌ಮಂಡ್‌ನಲ್ಲಿ ಸೇರಿದ್ದ ವರ್ಜೀನಿಯಾ ಸಮಾವೇಶದಲ್ಲಿ ನಡೆದದ್ದನ್ನು ನೋಡಿ. 1788ರ ಫೆಬ್ರುವರಿ 7ರಂದು ಜೆಫರ್ಸನ್, ಅಲೆಕ್ಸಾಂಡರ್ ಡೊನಾಲ್ಡ್ ಎಂಬ ವರ್ತಕನಿಗೆ ಒಂದು ಖಾಸಗಿ ಪತ್ರ ಬರೆದ. ಮೊದಲ ಒಂಬತ್ತು ರಾಜ್ಯಗಳು ಸಂವಿಧಾನವನ್ನು ಒಪ್ಪಲಿ, ಉಳಿದ ನಾಲ್ಕು ಹಕ್ಕುಗಳ ಪಟ್ಟಿ ಸೇರುವವರೆಗೆ ತಡೆದು ನಿಲ್ಲಲಿ ಎಂಬುದು ಅದರ ಆಶಯ. ಪತ್ರ ರಿಚ್‌ಮಂಡ್ ತಲುಪಿ ಕೈಯಿಂದ ಕೈಗೆ ಓಡಾಡಿತು. ಜೂನ್ 9ರಂದು ಸಂವಿಧಾನದ ವಿರೋಧಿ ಪ್ಯಾಟ್ರಿಕ್ ಹೆನ್ರಿ ಸಮಾವೇಶದಲ್ಲಿ ಎದ್ದುನಿಂತು, ನಿಮ್ಮ ಜೆಫರ್ಸನ್ನೇ ತಿದ್ದುಪಡಿಯಾಗುವವರೆಗೆ ಬೇಡ ಎನ್ನುತ್ತಾನೆ ಎಂದು ವಾದಿಸಿದ. ಮ್ಯಾಡಿಸನ್ ಪೇಚಿಗೆ ಸಿಕ್ಕಿದ. ಆದರೆ ಮೇ 27ರಂದೇ ಜೆಫರ್ಸನ್ ಎಡ್ವರ್ಡ್ ಕ್ಯಾರಿಂಗ್‌ಟನ್‌ಗೆ ಇನ್ನೊಂದು ಪತ್ರ ಬರೆದಿದ್ದ: ನನ್ನ ಮೊದಲಿನ ಆಸೆ ಹಾಗಿತ್ತು, ಈಗ ಮ್ಯಾಸಚುಸೆಟ್ಸ್ ಹಿಡಿದ ದಾರಿಯೇ ಮೇಲು, ಅಂದರೆ ಮೊದಲು ಒಪ್ಪಿ ಜೊತೆಗೇ ತಿದ್ದುಪಡಿ ಶಿಫಾರಸು ಮಾಡುವುದು. ಹೆನ್ರಿ ಮಾತಾಡುವಾಗ ಈ ಎರಡನೆಯ ಪತ್ರ ಇನ್ನೂ ಸಮುದ್ರದ ಮೇಲಿತ್ತು. ಬದಲಾದ ಅಭಿಪ್ರಾಯ ಪ್ಯಾರಿಸ್‌ನಲ್ಲಿ, ಹಳೆಯ ಅಭಿಪ್ರಾಯ ರಿಚ್‌ಮಂಡ್‌ನಲ್ಲಿ, ಮತದಾನ ಜೂನ್ 25ಕ್ಕೆ. ಸಂವಿಧಾನದ ಪರ 89, ವಿರುದ್ಧ 79. ಐದು ಆರು ಜನ ಆ ಕಡೆ ವಾಲಿದ್ದರೆ ದೇಶದ ಅತಿ ದೊಡ್ಡ ರಾಜ್ಯ ಹೊರಗುಳಿಯುತ್ತಿತ್ತು.

ಮುಂದಿನ ಸುತ್ತಿನಲ್ಲಿ, 1788ರ ಅಕ್ಟೋಬರ್ 17ರಂದು, ಮ್ಯಾಡಿಸನ್ ತನ್ನ ಅನುಮಾನ ತೋಡಿಕೊಂಡ. ಹಕ್ಕುಗಳ ಪಟ್ಟಿ ಬರೀ ಚರ್ಮಪತ್ರದ ಬೇಲಿ, ಬಲವಾದ ಬಹುಮತ ಎಲ್ಲ ರಾಜ್ಯಗಳಲ್ಲೂ ಅದನ್ನು ದಾಟಿದೆ ಎಂದ. 1789ರ ಮಾರ್ಚ್ 15ರ ಉತ್ತರದಲ್ಲಿ ಜೆಫರ್ಸನ್ ಒಂದು ಕೊರತೆ ಎತ್ತಿ ತೋರಿಸಿದ: ಆ ಪಟ್ಟಿ ನ್ಯಾಯಾಲಯಗಳ ಕೈಗೆ ಕಾನೂನಿನ ಹಿಡಿತ ಕೊಡುತ್ತದೆ, ಅದನ್ನು ನೀವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಜೂನ್ 8ರಂದು ಮ್ಯಾಡಿಸನ್ ಸದನದಲ್ಲಿ ತಿದ್ದುಪಡಿಗಳನ್ನು ಮಂಡಿಸಿದಾಗ, ಸ್ವತಂತ್ರ ನ್ಯಾಯಾಲಯಗಳು ಈ ಹಕ್ಕುಗಳ ಕಾವಲುಗಾರರಾಗುತ್ತವೆ ಎಂಬ ಮಾತು ಭಾಷಣದಲ್ಲಿದೆ. ಮಾರ್ಚ್ 15ರಿಂದ ಜೂನ್ 8ಕ್ಕೆ 12 ವಾರ, ಪತ್ರ ಸಮುದ್ರ ದಾಟಲು ಸಾಕಷ್ಟು ಕಾಲ. ಪತ್ರದಿಂದ ಭಾಷಣಕ್ಕೆ ಗೆರೆ ಎಳೆಯುವ ಮುನ್ನ ಈ ಲೆಕ್ಕವನ್ನು ಹಾಕಲೇಬೇಕು.

ಅಂದು ಮಂಡಿಸಿದವುಗಳಲ್ಲಿ, ಕಾನೂನಿನ ಸೂಕ್ತ ಪ್ರಕ್ರಿಯೆ ಇಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಎಂಬ ಮಾತೂ ಇತ್ತು. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆ ಚರ್ಚಿಸಿದ್ದು ಇದೇ ಮಾತಿನ ಬಗ್ಗೆ. ನಮ್ಮ 21ನೇ ವಿಧಿಯಲ್ಲಿ ಅದರ ಬದಲು ‘ಕಾನೂನು ವಿಧಿಸಿದ ಪ್ರಕ್ರಿಯೆ’ ಬಂದದ್ದರ ಹಿಂದೆ ಆ ಭೇಟಿಯೂ ಇದೆ.

ಅದೇ ಮ್ಯಾಡಿಸನ್ 1789ರ ಆಗಸ್ಟ್ 19ರಂದು ರಿಚರ್ಡ್ ಪೀಟರ್ಸ್‌ಗೆ ಬರೆಯುವಾಗ ತಿದ್ದುಪಡಿಗಳ ಕೆಲಸವನ್ನು ಓಕರಿಕೆ ಬರಿಸುವಂಥದ್ದು ಎನ್ನುತ್ತಾನೆ. ಇದೊಂದೇ ಮಾತು ಹಿಡಿದು ಅವನಿಗೆ ಹಕ್ಕುಗಳಲ್ಲಿ ನಂಬಿಕೆಯೇ ಇರಲಿಲ್ಲ ಎನ್ನುವವರಿದ್ದಾರೆ. ನನಗೆ ಅದು ಅನ್ಯಾಯದ ಓದು ಅನಿಸುತ್ತದೆ. ಪೀಟರ್ಸ್ ಪೆನ್ಸಿಲ್ವೇನಿಯಾದವನು, ತಿದ್ದುಪಡಿ ಬೇಡವೆನ್ನುವವನು. ಅವನನ್ನು ಒಪ್ಪಿಸಲು ಬರೆದ ಆ ಪತ್ರದಲ್ಲಿ ಮುಂದೆ ಇರುವುದು ತಿದ್ದುಪಡಿ ಏಕೆ ಬೇಕೇಬೇಕು ಎಂಬ ಕಾರಣಗಳು. ಎದುರಿನವನ ಬೇಸರವನ್ನು ಮೊದಲು ಒಪ್ಪಿಕೊಂಡು ಆಮೇಲೆ ತನ್ನ ಮಾತು ಹೇಳುವುದು ಪತ್ರ ಬರೆಯಬಲ್ಲವರ ರೀತಿ. ಯಾರಿಗೆ ಬರೆದದ್ದು ಎಂಬುದನ್ನು ಬಿಟ್ಟರೆ ಅರ್ಥವೇ ತಲೆಕೆಳಗಾಗುತ್ತದೆ.

ಮೇಲಿನ ತಾರೀಖನ್ನೇ ನಂಬಿ ಕೆಟ್ಟದ್ದಕ್ಕೆ ಇನ್ನೊಂದು ಪತ್ರವಿದೆ. ಭೂಮಿ ಬದುಕಿರುವವರದು, ಒಂದು ಪೀಳಿಗೆಯ ಸಾಲ ಇನ್ನೊಂದನ್ನು ಕಟ್ಟಿಹಾಕಬಾರದು ಎಂದು ವಾದಿಸಿ, ಮರಣದ ಕೋಷ್ಟಕಗಳಿಂದ 19 ವರ್ಷದ ಲೆಕ್ಕ ತೆಗೆದ ಜೆಫರ್ಸನ್ನನ ಪತ್ರದ ಮೇಲೆ 1789ರ ಸೆಪ್ಟೆಂಬರ್ 6 ಎಂದಿದೆ, ಜಾಗ ಪ್ಯಾರಿಸ್. ಅದು ಆಗ ಅಂಚೆಗೆ ಬೀಳಲೇ ಇಲ್ಲ. ಜೆಫರ್ಸನ್ ಅದನ್ನು ಹೊತ್ತುಕೊಂಡೇ ಅಮೆರಿಕಕ್ಕೆ ಮರಳಿ, 1790ರ ಜನವರಿ 9ರಂದು ಮಾಂಟಿಚೆಲ್ಲೋದಿಂದ ಕಳಿಸಿದ. ಅದೇ ಜನವರಿ 14ರಂದು ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ನನ ಸಾರ್ವಜನಿಕ ಸಾಲದ ವರದಿ ಸದನದ ಮುಂದೆ ಬಂತು. ಮ್ಯಾಡಿಸನ್ ಫೆಬ್ರುವರಿ 4ರಂದು ಉತ್ತರಿಸುತ್ತಾ, ಕೆಲವು ಸಾಲ ಮುಂದಿನವರ ಒಳಿತಿಗೇ ಮಾಡಿದ್ದು, ಅವರು ತೀರಿಸುವುದು ನ್ಯಾಯ ಎಂದ. ಸೆಪ್ಟೆಂಬರ್ ಪ್ಯಾರಿಸ್‌ನ ಕ್ರಾಂತಿಯ ಬಿಸಿಯಲ್ಲಿ ಬರೆದದ್ದು, ಫೆಬ್ರುವರಿ ನ್ಯೂಯಾರ್ಕಿನ ಸಾಲದ ಚರ್ಚೆಯ ನಡುವೆ ಓದಿದ್ದು. ಉತ್ತರದ ಎಚ್ಚರಿಕೆಗೆ ಕಾರಣ ಅಲ್ಲಿದೆ.

ಎಲ್ಲ ಪತ್ರಗಳೂ ಖಾಸಗಿಯಲ್ಲ. ಸೆನೆಟರುಗಳನ್ನು ಆಗ ಆರಿಸುತ್ತಿದ್ದದ್ದು ರಾಜ್ಯಗಳ ಶಾಸನಸಭೆಗಳು, ಹಾಗಾಗಿ ಅವರು ಲೆಕ್ಕ ಒಪ್ಪಿಸುತ್ತಿದ್ದದ್ದೂ ಅಲ್ಲಿಗೇ. ವರ್ಜೀನಿಯಾದ ರಿಚರ್ಡ್ ಹೆನ್ರಿ ಲೀ ಮತ್ತು ವಿಲಿಯಂ ಗ್ರೇಸನ್ 1789ರ ಸೆಪ್ಟೆಂಬರ್ 28ರಂದು ತಮ್ಮ ಶಾಸನಸಭೆಗೆ, ಕಾಂಗ್ರೆಸ್ ಕಳಿಸಿದ 12 ತಿದ್ದುಪಡಿಗಳು ಸಾಲವು ಎಂದು ಬರೆದ ಪತ್ರ ಪತ್ರಿಕೆಗಳಲ್ಲೂ ಬಂತು. ಪ್ರತಿನಿಧಿ ಸಭೆಯವರು, ಅದರಲ್ಲೂ ದಕ್ಷಿಣದವರು, ಮತದಾರರಿಗೆ ಸುತ್ತೋಲೆ ಪತ್ರ ಅಚ್ಚು ಹಾಕಿಸಿ ಕಳಿಸುತ್ತಿದ್ದರು. 1797ರ ಮೇ ತಿಂಗಳಲ್ಲಿ ರಿಚ್‌ಮಂಡ್‌ನ ಫೆಡರಲ್ ನ್ಯಾಯಾಲಯದ ಮಹಾ ಜ್ಯೂರಿ, ಅಂದರೆ ಆಪಾದನೆ ಹೊರಿಸುವ ನಾಗರಿಕರ ಮಂಡಳಿ, ಸರ್ಕಾರವನ್ನು ನಿಂದಿಸುವ ಸುತ್ತೋಲೆ ಬರೆದನೆಂದು ಸ್ಯಾಮ್ಯುಯೆಲ್ ಕ್ಯಾಬೆಲ್ ಎಂಬ ಸದಸ್ಯನ ಮೇಲೆ ಆಪಾದನೆ ಹೊರಿಸಿತು. ಜನಪ್ರತಿನಿಧಿ ತನ್ನ ಮತದಾರರಿಗೆ ಬರೆಯುವುದನ್ನು ನ್ಯಾಯಾಲಯ ತನಿಖೆ ಮಾಡಬಹುದೇ ಎಂಬ ಪ್ರಶ್ನೆ ಎದ್ದದ್ದು ಆಗ. ಉಪಾಧ್ಯಕ್ಷನಾಗಿದ್ದ ಜೆಫರ್ಸನ್ ಇದರ ವಿರುದ್ಧ ವರ್ಜೀನಿಯಾ ಸಭೆಗೆ ಸಲ್ಲಿಸುವ ಮನವಿಯನ್ನು ತಾನೇ ಬರೆದ, ತನ್ನ ಹೆಸರು ಹಾಕದೆ.

ಅಲ್ಲಿಂದ ಮುಂದೆ ಪತ್ರಗಳ ಮೈಬಣ್ಣವೇ ಬದಲಾಗುತ್ತದೆ. 1798ರಲ್ಲಿ ಜೆಫರ್ಸನ್, ಅಂಚೆ ಕಚೇರಿಗಳ ದ್ರೋಹದಿಂದಾಗಿ ಮನಬಿಚ್ಚಿ ಬರೆಯಲಾರೆ ಎಂದು ಜಾನ್ ಟೇಲರ್‌ಗೆ ಹೇಳಿದ. 1799ರ ನವೆಂಬರ್ 22ರಂದು ಮ್ಯಾಡಿಸನ್‌ಗೆ, ಇನ್ನು ಒಂದು ವರ್ಷ ಅಂಚೆಯಲ್ಲಿ ಗುಟ್ಟಿನದೇನನ್ನೂ ಕಳಿಸುವುದಿಲ್ಲ, ಅಚ್ಚಾದ ಕಾಗದಪತ್ರಗಳನ್ನು ಮಾತ್ರ ಎಂದಿನಂತೆ ಕಳಿಸುತ್ತೇನೆ ಎಂದು ಬರೆದ. 1800ರ ಚುನಾವಣೆಯ ವರ್ಷದಲ್ಲಿ ಇವರಿಬ್ಬರ ನಡುವಿನ ಪತ್ರಗಳಲ್ಲಿ ರಾಜಕೀಯ ಕಡಿಮೆ ಎಂದು ಕಂಡರೆ ಕಾರಣ ಇದು. ಆ ವರ್ಷಕ್ಕೆ ಪತ್ರದ ಒಕ್ಕಣೆಗಿಂತ, ಅದರ ಜೊತೆ ಯಾವ ಅಚ್ಚುಪ್ರತಿ ಹೋಯಿತು, ಯಾರ ಕೈಯಲ್ಲಿ ಹೋಯಿತು ಎಂಬುದನ್ನು ಹುಡುಕಬೇಕು. ಅಮೆರಿಕದ ರಾಷ್ಟ್ರೀಯ ದಾಖಲೆ ಇಲಾಖೆ ಪುಕ್ಕಟೆಯಾಗಿ ತೆರೆದಿಟ್ಟಿರುವ ‘ಫೌಂಡರ್ಸ್ ಆನ್‌ಲೈನ್’ ಜಾಲತಾಣದಲ್ಲಿ ಹೆಚ್ಚಿನ ಪತ್ರಗಳ ಕೆಳಗೆ ಸಂಪಾದಕರ ಟಿಪ್ಪಣಿ ಇದೆ. ತಲುಪಿದ ದಿನ, ಪ್ರತಿಯ ಬಗೆ, ಸಂಕೇತದಲ್ಲಿದ್ದ ಭಾಗ, ಜೊತೆಗಿಟ್ಟ ಕಾಗದ, ಎಲ್ಲವನ್ನೂ ತಿಳಿದಷ್ಟು ಮಟ್ಟಿಗೆ ಅಲ್ಲೇ ಕೊಟ್ಟಿರುತ್ತಾರೆ. ಒಕ್ಕಣೆಗೆ ಹೋಗುವ ಮೊದಲು ಆ ಟಿಪ್ಪಣಿ ಓದಿ.